ಮಂಗಲಬಾಯಿ ಎಳೆದ ಪರದೆ

ಬಟ್ಟೆ ವ್ಯಾಪಾರದವರು ನಾವು, ಮಾಲು ಕೈಗೆ ಬಂದಾಗ ಮೊದಲು ಪನ್ನಾ, ಅಂದರೆ ಅಗಲ, ನೋಡುತ್ತೇವೆ. ಆಮೇಲೆ ಬೆರಳ ನಡುವೆ ಹಿಡಿದು ಉಜ್ಜುತ್ತೇವೆ. ಗಂಜಿ ಎಷ್ಟು, ನೂಲು ಎಷ್ಟು ಎಂಬುದು ಅಷ್ಟರಲ್ಲಿ ತಿಳಿಯುತ್ತದೆ. ಈ ಲೆಕ್ಕದಲ್ಲಿ ಕಬನೂರಿನ ಫೋಟೋದ ಮಂಗಲಬಾಯಿಯನ್ನು ಪರೀಕ್ಷಿಸಿದರೆ ಹೀಗೆ: ಎತ್ತರ ಕಡಿಮೆ, ಪನ್ನಾ ಭರ್ತಿ, ಬಣ್ಣ ಬಿಸಿಲಿಗೆ ಹೋಗದ್ದು, ಗಂಜಿ ಅಂತೂ ಇಲ್ಲವೇ ಇಲ್ಲ. ದನಿ ಮಾತ್ರ ಅಳತೆಗೆ ಮೀರಿದ್ದು. ಮಗ್ಗದ ಶೆಡ್ಡುಗಳ ನಡುವೆ ಸಂಸಾರ ಮಾಡಿದವರ ದನಿ ಹಾಗೆ ಆಗುತ್ತದೆ ಎಂದು ಜನ ಅನ್ನುತ್ತಾರೆ. ಆದರೆ ಆಕೆಯ ದನಿ ಅದಕ್ಕೂ ಮೊದಲೇ ಬೆಳೆದದ್ದು, ಕುರಿಯ ಹಿಂದೆ.

ಆಕೆಯ ಅಪ್ಪ ಮಲ್ಲಾರಿ ಗಡಹಿಂಗ್ಲಜ ತಾಲೂಕಿನ ಗಡಿ ಊರಿನವನು. ವರ್ಷದಲ್ಲಿ ಕೆಲವು ತಿಂಗಳು ಊರು, ಉಳಿದ ಕಾಲ ಕುರಿ ಹೋದಲ್ಲಿ ಬಿಡಾರ. ಹೀಗಾಗಿ ಶಾಲೆಯಲ್ಲಿ ಮಂಗಲಬಾಯಿಯ ಹೆಸರು ಇತ್ತು, ಮಂಗಲಬಾಯಿ ಇರಲಿಲ್ಲ. ಬೆರಳಿಟ್ಟುಕೊಂಡು ನಿಧಾನಕ್ಕೆ ಓದುವುದು ಬಂತು. ಬರೆಯುವುದರಲ್ಲಿ ಸಹಿ ಮತ್ತು ಅಂಕಿ, ಅಲ್ಲಿಗೆ ಮುಗಿಯಿತು. ಯಾರಾದರೂ ಪೆನ್ನು ಮುಂದೆ ಹಿಡಿದರೆ, "ಚಷ್ಮಾ ಮನ್ಯಾಗ ಬಿಟ್ಟ ಬಂದೇನ್ರಿ, ನೀವ ಬರೀರಿ" ಅನ್ನುವುದು ಆಕೆಯ ರೂಢಿ. ಆ ಮನೆಯಲ್ಲಿ ಚಷ್ಮಾ ಎಂಬುದು ಎಂದೂ ಇರಲಿಲ್ಲ. ಇದು ಗೊತ್ತಿದ್ದವರು ಇಬ್ಬರೇ, ಗಂಡ ಅವಧೂತ ಮತ್ತು ಮಗಳು ಸಾರಿಕಾ.

ಅವಧೂತನದು ಒಳ್ಳೆಯ ಕೈ, ಆದರೆ ಬಾಯಿ ಇಲ್ಲ. ಕಬನೂರಿನಲ್ಲಿ ಸ್ಟುಡಿಯೋ ಇಟ್ಟ ಹೊಸದರಲ್ಲಿ ಗಿರಾಕಿಗೆ "ನಗ್ರಿ" ಅನ್ನಲಿಕ್ಕೂ ನಾಚುತ್ತಿದ್ದ. ಅವನ ಫೋಟೋದಲ್ಲಿ ಎಲ್ಲರೂ ಪೊಲೀಸ ಠಾಣೆಯಲ್ಲಿ ಕೂತವರ ಹಾಗೆ ಬರುತ್ತಿದ್ದರು. ಒಮ್ಮೆ ಶಹಾಪುರದಲ್ಲಿ ಒಂದು ಕುಬಸ. ಹಸಿರು ಸೀರೆ ಉಟ್ಟು ಕೂತ ಬಸುರಿ ಹುಡುಗಿ ಗಂಡಸು ಕ್ಯಾಮೆರಾ ಹಿಡಿದಿದ್ದಾನೆಂದು ತಲೆಯನ್ನೇ ಎತ್ತಲೊಲ್ಲಳು. ಹಿಂದೆ ಬ್ಯಾಗು ಹೊತ್ತು ನಿಂತಿದ್ದ ಮಂಗಲಬಾಯಿಗೆ ತಡೆಯಲಾಗಲಿಲ್ಲ. "ಯವ್ವಾ, ಸೆರಗ ಹೊಚ್ಚಿ ಏನ ಮಾಡ್ತಿ? ಊರಿಗೆಲ್ಲಾ ಗೊತ್ತಾದ ಮ್ಯಾಲೇ ನಮ್ಮನ್ನ ಕರಸ್ಯಾರ" ಅಂದಳು. ಹುಡುಗಿ ನಕ್ಕಳು. ಅವಧೂತ ಕ್ಯಾಮೆರಾ ಎತ್ತುವಷ್ಟರಲ್ಲಿ ನಗು ಮುಗಿದು ಹೋಗಿತ್ತು. ಬಾಯಿ ಇದ್ದವರ ಕೈಯಲ್ಲಿಯೇ ಕ್ಯಾಮೆರಾ ಇರಬೇಕು ಎಂದು ಗಂಡ ಹೆಂಡತಿ ಅಂದೇ ಠರಾಯಿಸಿದರು. ಅಂದಿನಿಂದ ಅವಧೂತ ಲೈಟು ಹಿಡಿಯುತ್ತಾನೆ, ವಿಡಿಯೋ ಮಾಡುತ್ತಾನೆ, ಚಹಾ ಬಂದರೆ ಕುಡಿಯುತ್ತಾನೆ.

ಮದುವೆಮನೆಯ ಗ್ರೂಪ್ ಫೋಟೋ ಅಂದರೆ ಬೇರೆ ಫೋಟೋಗ್ರಾಫರಿಗೆ ತಲೆನೋವು. ನಾಲ್ವತ್ತು ಮಂದಿಯನ್ನು ಸ್ಟೇಜಿಗೆ ಹತ್ತಿಸುವಷ್ಟರಲ್ಲಿ ಹತ್ತು ಮಂದಿ ಇಳಿದಿರುತ್ತಾರೆ. ಮಂಗಲಬಾಯಿ ಕುರಿ ಕೂಡಿಸುವ ರೀತಿಯಲ್ಲೇ ಕೂಡಿಸುತ್ತಾಳೆ. ಹಿಂಡನ್ನು ನೋಡಬಾರದು, ಓಡುವುದು ಯಾವುದು ಎಂದು ನೋಡಬೇಕು ಅನ್ನುತ್ತಾಳೆ. ಪ್ರತಿ ಮನೆತನದಲ್ಲಿ ಅಂಥ ಒಬ್ಬ ಮಾವ ಇದ್ದೇ ಇರುತ್ತಾನೆ, ಫೋನು ಬಂತೆಂದು ಮೆಲ್ಲಗೆ ಜಾರುವವನು. ಅವನನ್ನು ಮೊದಲೇ ಹುಡುಕಿ ನಟ್ಟನಡುವೆ ನಿಲ್ಲಿಸಿ, ಸುತ್ತ ಮುದುಕಿಯರನ್ನು ಹಾಕಿಬಿಟ್ಟರೆ ಮುಗಿಯಿತು. ಆಮೇಲೆ ನಾಲಿಗೆ ಮಡಿಚಿ ಕುರಿಗೆ ಹಾಕುವಂಥ ಒಂದು ಹುಯ್ಲು. ಎಲ್ಲ ಮುಖಗಳೂ ಒಮ್ಮೆಗೇ ಆ ಕಡೆ ತಿರುಗುತ್ತವೆ, ತಿರುಗಿದ್ದಕ್ಕೆ ತಮಗೆ ತಾವೇ ನಗುತ್ತವೆ. ಅದೇ ಫೋಟೋ.

ಧಂದೆ ಹೀಗೆ ನಡೆದಿದ್ದಾಗ ಶಹಾಪುರದ ಸ್ವಪ್ನಿಲ ಎಂಬ ಫೋಟೋಗ್ರಾಫರ ಎದ್ದ. ಹಾರುವ ಕ್ಯಾಮೆರಾ ತಂದ, ಮದುವೆಗೆ ಮೊದಲೇ ಹುಡುಗ ಹುಡುಗಿಯನ್ನು ಪನ್ಹಾಳದ ಕೋಟೆಗೆ ಒಯ್ದು ಕೈ ಹಿಡಿಸಿದ. ಅದನ್ನೂ ಮಂಗಲಬಾಯಿ ತಾಳಿಕೊಂಡಳು. ಆದರೆ ಅವನು ಆಲ್ಬಮ್ಮಿನ ಪ್ರತಿ ಪುಟದ ಕೆಳಗೂ ಎರಡೆರಡು ಸಾಲು ಬರೆಯತೊಡಗಿದ. ಹೆಂಗಸರಿಗೆ ಇದು ಹಿಡಿಸಿತು.

"ಮಂಗಲಕ್ಕಾ, ನೀವೂ ಏನರ ಬರೀರಲ್ಲ. ನಿಮ್ಮ ಬಾಯಾಗ ಎಷ್ಟ ಮಾತ ಅದಾವು."

"ಬರಿಯೂಣಲ್ಲ. ಚಷ್ಮಾದ ನಂಬರ ಬದಲಾಗೇತಿ, ಅದೊಂದ ಆಗ್ಲಿ."

ಚಷ್ಮಾದ ನಂಬರು ಎಷ್ಟೆಂದು ಬದಲಾಗುತ್ತದೆ? ತಾಯಿಯ ಈ ಪಾಡು ನೋಡಿ ಸಾರಿಕಾ ಆಕೆಯ ಫೋನಿನಲ್ಲಿ ಒಂದು ಎಐ ಹಾಕಿಕೊಟ್ಟಳು. ಇಚಲಕರಂಜಿಯ ಒಂದು ಸೂತಿನ ಪೇಢಿಯಲ್ಲಿ, ಅಂದರೆ ನೂಲಿನ ಅಂಗಡಿಯಲ್ಲಿ, ಕೆಲಸ ಮಾಡುವ ಹುಡುಗಿ, ಇಂಥದ್ದರಲ್ಲಿ ಚುರುಕು.

"ಅವ್ವಾ, ಇಲ್ಲಿ ಒತ್ತಿ ಮಾತಾಡು. ನಿನ್ನ ಕನ್ನಡಾನೂ ತಿಳೀತೈತಿ, ಮರಾಠೀನೂ ತಿಳೀತೈತಿ. ನೀ ಹೇಳಿದ್ದ ಚಂದ ಮಾಡಿ ಬರೀತೈತಿ, ಬರದದ್ದ ಓದಿ ಹೇಳತೈತಿ."

"ಒಳಗ ಯಾರ ಕುಂತಾರ?"

"ಯಾರೂ ಇಲ್ಲ. ಯಂತ್ರ."

"ಬರಿಯಾಕ ಬರ್ತೈತಿ ಅಂದ ಮ್ಯಾಲ ಮಾಸ್ತರ ಇದ್ದಂಗ. ಏಕವಚನ ಬ್ಯಾಡ." ಮಂಗಲಬಾಯಿ ಸೆರಗು ಸರಿ ಮಾಡಿಕೊಂಡು ಫೋನು ಬಾಯಿಯ ಹತ್ತಿರ ತಂದಳು. "ನಮಸ್ಕಾರ್ರಿ ಮಾಸ್ತರ್ರ. ಚಾ ಆತೇನ್ರಿ?"

ತಾನು ಚಹಾ ಕುಡಿಯುವುದಿಲ್ಲವೆಂದೂ ಸಹಾಯ ಮಾಡಲು ಸಂತೋಷವೆಂದೂ ಮಾಸ್ತರ ಹೇಳಿದರು.

"ಚಾ ಕುಡಿಯದ ಮಾಸ್ತರನ್ನ ಇವತ್ತ ನೋಡಿದೆ" ಎಂದು ಆಕೆ ಗಂಡನ ಕಡೆ ತಿರುಗಿದಳು. ಅವಧೂತ ಚಹಾ ಕುಡಿಯುತ್ತಿದ್ದ.

ಮೊದಲ ಕೆಲಸ ಒಂದು ನೆನಪೋಲೆ. ಕಬನೂರಿನ ದೀಪಾಲಿ ಎಂಬವಳು ಮಗುವಿನ ಹೆಸರಿಡುವ ಫೋಟೋಗಳನ್ನು ಒಯ್ಯದೆ ಬಿಟ್ಟಿದ್ದಳು. ಮಂಗಲಬಾಯಿ ಹೇಳಿದ್ದು ಹೀಗೆ: "ಯಾಕವಾ ದೀಪಾಲಿ, ಫೋಟೋ ಒಯ್ಯೂ ಇಚಾರ ಐತೋ ಇಲ್ಲೋ? ನಿನ್ನ ಕೂಸು ಶಾಳಿಗಿ ಹೋಗಾಕತ್ತೈತಿ, ಫೋಟೋದಾಗ ಇನ್ನೂ ತೊಟ್ಟಲದಾಗ ಐತಿ." ಮಾಸ್ತರರು ಅದನ್ನು ತಿದ್ದಿ ಬರೆದರು. ಮಾನ್ಯ ಗ್ರಾಹಕರೇ, ತಮ್ಮ ಅಮೂಲ್ಯ ಕ್ಷಣಗಳು ನಮ್ಮಲ್ಲಿ ಸುರಕ್ಷಿತವಾಗಿದ್ದು ತಮ್ಮ ಆಗಮನವನ್ನು ವಿನಮ್ರವಾಗಿ ನಿರೀಕ್ಷಿಸುತ್ತಿವೆ, ಇತ್ಯಾದಿ. ಅದನ್ನು ಓದಿ ದೀಪಾಲಿ ಹೆದರಿದಳು. ಮಂಗಲಕ್ಕ ತನ್ನ ಮೇಲೆ ಇಷ್ಟು ಸಿಟ್ಟಾಗಿದ್ದಾಳೆಂದು ಪೇಡೆಯ ಡಬ್ಬಿ ಹಿಡಿದು ಓಡಿ ಬಂದಳು. ಬೈಗುಳಕ್ಕೆ ಅಲುಗದವಳು ಮರ್ಯಾದೆಗೆ ಅಲುಗಿದ್ದಳು. ಮಂಗಲಬಾಯಿ ಪೇಡೆ ತಿಂದು ಮಾಸ್ತರರ ಯೋಗ್ಯತೆ ಒಪ್ಪಿಕೊಂಡಳು.

ಆಮೇಲೆ ಆಲ್ಬಮ್ಮಿನ ಸಾಲುಗಳು ಶುರುವಾದವು. ಆಕೆ ಫೋಟೋ ನೋಡುತ್ತ ಹೇಳುವುದು, ಮಾಸ್ತರರು ನಮ್ಮ ಕಡೆ ಓದುಬರಹ ನಡೆಯುವ ಮರಾಠಿಯಲ್ಲಿ ಹೂವು ಮುಡಿಸುವುದು, ಓದಿ ಹೇಳಿದ ಮೇಲೆ ಆಕೆ "ಆತ್ರಿ" ಅನ್ನುವುದು. ತವರು ಬಿಡುವ ಹುಡುಗಿಯ ಫೋಟೋದ ಕೆಳಗಿನ ಸಾಲು ಓದಿ ಒಂದು ಓಣಿಯ ಹೆಂಗಸರೆಲ್ಲ ಕಣ್ಣು ಒರೆಸಿಕೊಂಡರು. ಯಾರು ಬರೆದದ್ದು ಎಂದು ಮೊದಲ ಸಲ ಕೇಳಿದಾಗ ಮಂಗಲಬಾಯಿ ಸುಮ್ಮನೆ ನಕ್ಕಳು. ಎರಡನೆಯ ಸಲ, "ಹಂಗ ಮನಸಿನ್ಯಾಗ ಬರ್ತೈತ್ರಿ" ಅಂದಳು. ಆಮೇಲೆ ಕೇಳುವವರೇ ಉಳಿಯಲಿಲ್ಲ, ಎಲ್ಲರಿಗೂ ಗೊತ್ತಾಗಿತ್ತು. ಹುಟ್ಟಿದಾಗಿನಿಂದ ಪೆನ್ನು ಕಂಡರೆ ಬೆವರುತ್ತಿದ್ದ ಹೆಂಗಸು ಈಗ ಬರೆಯುವವಳು ಅನ್ನಿಸಿಕೊಂಡಿದ್ದಳು. ಓಣಿಯ ಮಹಿಳಾ ಮಂಡಳದವರು ಬಂದು, ವರ್ಷದ ಕಾರ್ಯಕ್ರಮದಲ್ಲಿ ಚಿತ್ರ ಮತ್ತು ಶಬ್ದ ಎರಡಕ್ಕೂ ಸೇರಿ ಶಾಲು ಹೊದಿಸುತ್ತೇವೆ ಅಂದರು. ಆ ಸಂಜೆ ಆಕೆ ಕನ್ನಡಿಯ ಮುಂದೆ ನಿಂತು ಹಳೆಯ ಟಾವೆಲ್ಲನ್ನು ಹೆಗಲಿಗೆ ಹಾಕಿಕೊಂಡು ನೋಡಿದ್ದನ್ನು ಸಾರಿಕಾ ಕಂಡಿದ್ದಾಳೆ.

ಇಷ್ಟರಲ್ಲಿ ನನ್ನ ಮಗಳು ಮನಾಲಿಯ ಮದುವೆ ಬಂತು.

ಗಂಡಿನವರು ಗಡಹಿಂಗ್ಲಜದ ಜೈನರು, ನಮ್ಮ ಹಾಗೆಯೇ ವ್ಯಾಪಾರಸ್ಥರು. ಮದುವೆ ಕಬನೂರಿನ ಕಾರ್ಯಾಲಯದಲ್ಲಿ. ಫೋಟೋಕ್ಕೆ ಮಂಗಲಬಾಯಿ ಬಿಟ್ಟು ಬೇರೆಯವರ ಹೆಸರು ನಮ್ಮ ಮನೆಯಲ್ಲಿ ಬರುವುದಿಲ್ಲ. ನಮ್ಮವರ ರೀತಿ ಆಕೆಗೆ ನಮ್ಮಷ್ಟೇ ಗೊತ್ತು. ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ, ಉಣಿಸುವುದೂ ಇಲ್ಲ. "ಜೈನರ ಮದವಿ ಅಂದ್ರ ಹೊತ್ತಿದ್ದಾಗ ಊಟ, ಹೊತ್ತ ಮುಣಗಿದ ಮ್ಯಾಲ ಬರೇ ಮಾತು" ಎಂದು ಆಕೆ ಕ್ಯಾಮೆರಾದ ಬ್ಯಾಗಿನಲ್ಲಿ ಬಾಳೆಹಣ್ಣು ಇಟ್ಟುಕೊಂಡೇ ಬರುತ್ತಾಳೆ.

ಅಂದು ಗಂಡಿನವರ ಬಸ್ಸು ನಿಪ್ಪಾಣಿಯ ಹತ್ತಿರ ಟಾಯರು ಹೋಗಿ ನಿಂತಿತು. ಎಲ್ಲವೂ ತಡವಾಯಿತು. ಕೊನೆಯ ಪಂಗತಿ ಕೂಡುವಾಗ ಹೊತ್ತು ಇಳಿದಿತ್ತು, ಮುಳುಗಿರಲಿಲ್ಲ. ಊಟದ ಹಾಲಿನ ಕಿಟಕಿಗಳಿಗೆಲ್ಲ ದಪ್ಪ ಪರದೆ, ಒಳಗೆ ಸಣ್ಣ ಸಣ್ಣ ಲೈಟಿನ ಮಾಲೆ. ಆ ಪಂಗತಿಯಲ್ಲಿ ಅಳಿಯ ನಿಖಿಲನ ಸೋದರತ್ತೆ ಕಾಂಚನಬಾಯಿ ಕೂತಿದ್ದರು. ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟದ ವ್ರತದವರು. ಮನೆಯಲ್ಲಿ ಎಲ್ಲರೂ ಅವರನ್ನು ಆತ್ಯಾ ಅನ್ನುತ್ತಾರೆ, ಅವರ ಮಾತು ಮೀರುವುದಿಲ್ಲ. ಅವರು ತಾಟಿಗೆ ಕೈ ಹಚ್ಚದೆ, "ಹೊತ್ತ ಐತೇನ್ರಿ?" ಎಂದು ಕೇಳಿದರು. ಬೀಗರಿಗೆ ಸಿಹಿ ಬಡಿಸಲು ಬಂದಿದ್ದ ಮನಾಲಿಯೇ ಬಗ್ಗಿ ಹೇಳಿದಳು:

"ಐತ್ರಿ ಆತ್ಯಾ. ಈಗ ಹೊರಗ ನೋಡಿ ಬಂದೇನಿ. ಉಣ್ಣರಿ."

ಹೊಸ ಸೊಸೆಯ ಆ ಒಂದು ಮಾತಿನ ಮೇಲೆ ಆತ್ಯಾ ಉಂಡರು.

ಮುಂದೆ ಆಲ್ಬಮ್ಮಿನ ಕೆಲಸ. ಮಂಗಲಬಾಯಿ ಪಂಗತಿಯ ಫೋಟೋ ತೆಗೆದು ಮಾಸ್ತರರಿಗೆ ಹೇಳಿದಳು: "ಮ್ಯಾಲ ಸಣ್ಣ ಸಣ್ಣ ದೀಪಾ ಹಾಕ್ಯಾರ್ರಿ, ಮಿಣಿಮಿಣಿ ಅಂತಾವು. ಕೆಳಗ ಮಂದಿ ಪಂಗತಿ ಕುಂತಾರ. ಭಾಳ ಚಂದ ಐತಿ, ಹಂಗ ಬರೀರಿ." ಇವರು ಜೈನರು, ಹಗಲಿನಲ್ಲಿಯೇ ಉಣ್ಣುವವರು ಎಂದು ಆಕೆ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ. ಕಬನೂರಿನಲ್ಲಿ ಅದನ್ನು ಯಾರಿಗೆ ಯಾರು ಹೇಳುತ್ತಾರೆ? ಮಗ್ಗ ನಡೆಸಲು ದೂರದಿಂದ ಬಂದವನಿಗೂ ಒಂದು ವಾರದಲ್ಲಿ ಗೊತ್ತಾಗುವ ಮಾತು. ಮಾಸ್ತರರು ಮಾತ್ರ ಕಬನೂರಿಗೆ ಎಂದೂ ಬಂದವರಲ್ಲ. ಅವರು ಬರೆದರು: "ಚಾಂದಣ್ಯಾಂಚ್ಯಾ ಸಾಕ್ಷೀನೆ ಪಂಗತ ಬಸಲೀ." ಅಂದರೆ ನಕ್ಷತ್ರಗಳ ಸಾಕ್ಷಿಯಲ್ಲಿ ಪಂಗತಿ ಕೂತಿತು. ಮುಂದಿನ ಸಾಲಿನಲ್ಲಿ ಆ ರುಚಿಗೆ ರಾತ್ರಿಯೂ ಒಂದು ಗಳಿಗೆ ನಿಂತು ನೋಡಿತು. ಓದಿ ಹೇಳಿದಾಗ ಮಂಗಲಬಾಯಿ ಬದನೆಕಾಯಿ ಒಗ್ಗರಣೆ ಹಾಕುತ್ತಿದ್ದಳು. ಕಿವಿಗೆ ಇಂಪಾಗಿತ್ತು. "ಆತ್ರಿ" ಅಂದಳು.

ಛಾಪಿಸುವ ಮೊದಲು ಮಾದರಿ ನಮ್ಮ ಮನೆಗೂ ಬಂತು. ಆಲ್ಬಮ್ಮಿನಲ್ಲಿ ಮನುಷ್ಯ ಮೊದಲು ತನ್ನ ಮುಖ ಹುಡುಕುತ್ತಾನೆ, ಆಮೇಲೆ ಆಗದವರ ಮುಖ. ಅಕ್ಷರದ ತನಕ ಯಾರೂ ಹೋಗುವುದಿಲ್ಲ. ಕೊಲ್ಹಾಪುರದ ಲ್ಯಾಬಿನಲ್ಲಿ ಆಲ್ಬಮ್ ಛಾಪಾಗಿ ಗಡಹಿಂಗ್ಲಜಕ್ಕೆ ಹೋಯಿತು.

ಅಲ್ಲಿ ಓದುವವರು ಇದ್ದರು. ಕಾಂಚನಬಾಯಿ ಪೊಟ್ಟಣ ಕಟ್ಟಿ ಬಂದ ಕಾಗದವನ್ನೂ ಓದದೆ ಚೆಲ್ಲುವವರಲ್ಲ. ಆ ಪುಟಕ್ಕೆ ಬಂದು ಓದಿದರು, ಇನ್ನೊಮ್ಮೆ ಓದಿದರು, ಆಲ್ಬಮ್ ಮುಚ್ಚಿ ಕಟ್ಟೆಯ ಮೇಲಿಟ್ಟರು. ಫೋಟೋದಲ್ಲಿಯೂ ಕಿಟಕಿ ಕಪ್ಪು, ಮೇಲೆ ದೀಪ. ಕೂಗಾಡಲಿಲ್ಲ. ಮರುದಿನ ಉಪವಾಸ ಮಾಡಿದರು, ಬಸದಿಗೆ ಹೋಗಿ ಬಂದರು. ಅಂದಿನಿಂದ ಮನಾಲಿ ನೀರು ತಂದರೆ, "ಅಲ್ಲಿಡು" ಅಂದು ತಾವೇ ಬೇರೆ ತುಂಬಿಕೊಂಡು ಕುಡಿದರು. ಮನಾಲಿ ಅಂದು ಹೊತ್ತು ಇತ್ತು ಎಂದು ಹೇಳಹೋದಳು.

"ಅಂದೂ ನೀ ಹಂಗ ಹೇಳಿದ್ದಿ" ಅಂದರು ಆತ್ಯಾ. ಅಷ್ಟೇ.

ನಿಖಿಲ ಹೆಂಡತಿಗೂ ಹೌದೆಂದ, ಆತ್ಯಾರಿಗೂ ಹೌದೆಂದ, ಅಂಗಡಿಗೆ ಹೋದ. ಹೊಸ ಮನೆಯಲ್ಲಿ ಹುಡುಗಿ ಹೇಳಿದ ಮೊದಲ ಮಾತು ಸುಳ್ಳಾಗಿ ಕೂತಿತ್ತು. ಇನ್ನು ಹಾಲು ಕೆಟ್ಟಿಲ್ಲ ಎಂದರೂ ಮೂಸಿ ನೋಡುವ ಕಾಲ. ಮನಾಲಿ ಇದನ್ನು ನಮಗೆ ತಿಳಿಸಲಿಲ್ಲ, ಮಂಗಲಬಾಯಿಗೆ ಫೋನು ಮಾಡಿದಳು.

"ಮಂಗಲಮಾವಶಿ, ರಾತ್ರಿ ಅಂತ ಯಾಕ ಬರದ್ರಿ?"

"ಎಲ್ಲಿ ಬರದೇನವಾ?"

ಮನಾಲಿ ಓದಿ ಹೇಳಿದಳು. ಈ ಸಲ ಒಗ್ಗರಣೆ ಇರಲಿಲ್ಲ, ಮಂಗಲಬಾಯಿಗೆ ಪ್ರತಿ ಅಕ್ಷರವೂ ಕೇಳಿತು. ಅವಳು ಸ್ಟೂಲಿನ ಮೇಲೆ ಕೂತಳು.

"ಆತ್ಯಾ ನನ್ನ ಕಡೆ ಮಾರಿ ಎತ್ತಿ ನೋಡವಲ್ಲರು, ಮಾವಶಿ."

"ತಡಿ. ಯಾರಿಗೂ ಏನೂ ಅನಬ್ಯಾಡ."

ಅವಧೂತ ಎಲ್ಲವನ್ನೂ ಕೇಳಿಸಿಕೊಂಡ. ಲೆನ್ಸು ಒರೆಸುತ್ತಿದ್ದ ಬಟ್ಟೆಯನ್ನು ಮಡಿಚಿಟ್ಟು, ವಾರಕ್ಕೆ ಸಾಲುವಷ್ಟು ಮಾತು ಒಮ್ಮೆಗೇ ಆಡಿದ. "ಲ್ಯಾಬಿನವರು ಬ್ಯಾರೆಯವರ ಸಾಲ ಇಲ್ಲಿ ಹಚ್ಯಾರ ಅನ್ನು. ಮುಗೀತು."

"ಲ್ಯಾಬಿನವನ ಹೊಟ್ಟಿ ಮ್ಯಾಲ ಯಾಕ ಹೊಡೀಬೇಕು?"

"ಹಂಗಾರ ಕವಿತಾ ಬರದೆ ಅನ್ನು. ಕವಿತಾದಾಗ ನಡೀತೈತಿ."

ಆಕೆ ಅದನ್ನೂ ಯೋಚಿಸಿದಳು. ಆದರೆ ಕಾಂಚನಬಾಯಿ ಏನನ್ನುತ್ತಾರೆ ಎಂಬುದು ಆಕೆಗೆ ಕೂತಲ್ಲೇ ಕೇಳುತ್ತಿತ್ತು: ನೀ ಅಲ್ಲೇ ನಿಂತಿದ್ದಿ, ಕಣ್ಣಿಲೆ ಕಂಡದ್ದ ಬರದಿ, ರಾತ್ರಿ ಇತ್ತು ಅಂತ ರಾತ್ರಿ ಬರದಿ. ಬರೆದವಳು ಮಂಗಲಬಾಯಿ ಆಗಿರುವ ತನಕ ಆ ಸಾಲು ಸಾಕ್ಷಿಯೇ. ಅದರ ತೂಕ ಇಳಿಯಬೇಕಾದರೆ ಬರೆದವರು ಅಲ್ಲಿ ಇರಲೇ ಇಲ್ಲ ಅನ್ನಬೇಕು. ಹಾಗೆಂದರೆ ಬರೆದವಳು ತಾನಲ್ಲ ಅನ್ನಬೇಕು, ತನಗೆ ಬರೆಯಲು ಬರುವುದೇ ಇಲ್ಲ ಅನ್ನಬೇಕು. ಮಂಡಳದ ಕಾರ್ಯಕ್ರಮಕ್ಕೆ ಪಾಂಪ್ಲೇಟು ಹಂಚಿ ಆಗಿತ್ತು.

"ಮನಾಲಿ ಕುಬಸಕ್ಕ ನಾನ ಫೋಟೋ ತಗೀಬೇಕಲ್ರಿ" ಎಂದು ಆಕೆ ಗಂಡನಿಗೆ ಹೇಳಿದಳು. "ಆ ಹುಡುಗಿ ಮಾರಿ ಹಿಂಗಿದ್ರ ಏನ ತಗೀಲಿ?"

ಮರುದಿನ ಗಡಹಿಂಗ್ಲಜದ ಬಸ್ಸು ಹತ್ತಿದಳು. ಅವಧೂತ ಬ್ಯಾಗು ಹಿಡಿದು ಹಿಂದೆ ಬಂದ. ಬ್ಯಾಗಿನಲ್ಲಿ ಏನೂ ಇರಲಿಲ್ಲ. ಹಿಡಿಯದಿದ್ದರೆ ಅವನಿಗೆ ನಡೆಯಲು ಬರುವುದಿಲ್ಲ.

ಅವರು ಹೋದಾಗ ನಡುಮಧ್ಯಾಹ್ನ. ಕಾಂಚನಬಾಯಿ ಪಡಸಾಲೆಯಲ್ಲಿ ಕೂತು ಹೆಸರುಕಾಳು ಹಸನು ಮಾಡುತ್ತಿದ್ದರು, ಜೊತೆಗೆ ನೆರೆಮನೆಯ ಇಬ್ಬರು ಹೆಂಗಸರು. ಅದರಲ್ಲಿ ಒಬ್ಬಳ ತವರು ಕಬನೂರು, ಮಹಿಳಾ ಮಂಡಳದ ಅಧ್ಯಕ್ಷೆಯ ನಾದಿನಿ. ಆಕೆಯನ್ನು ಕಂಡು ಮಂಗಲಬಾಯಿಯ ಕಾಲು ಹೊಸ್ತಿಲಲ್ಲಿ ಒಂದಿಷ್ಟು ತಡೆಯಿತು. ಈಕೆಯ ಕಿವಿಗೆ ಬಿದ್ದದ್ದು ಸಂಜೆಯ ಒಳಗೆ ಕಬನೂರು ಮುಟ್ಟುತ್ತದೆ.

"ಬಾ, ಬರಿಯಾಕಿ" ಅಂದರು ಕಾಂಚನಬಾಯಿ, ಮೊರದಿಂದ ಕಣ್ಣು ಎತ್ತದೆ. "ಮತ್ತೇನರ ಬರಿಯಾಕ ಬಂದಿಯೇನು?"

"ಇಲ್ರಿ ಆತ್ಯಾ. ಬರದದ್ದ ಅಳಸಾಕ ಬಂದೇನಿ."

"ಬರದದ್ದ ಅಳಸಬೋದು. ಉಂಡದ್ದ?"

ಅಡುಗೆಮನೆಯ ಬಾಗಿಲಲ್ಲಿ ಮನಾಲಿ ನಿಂತಿದ್ದಳು. ಮಂಗಲಬಾಯಿ ಆಕೆಯನ್ನು ನೋಡಿದಳು, ನೆಲದ ಮೇಲೆ ಕೂತಳು.

"ಅದನ್ನ ಬರದಾಕಿ ನಾ ಅಲ್ರಿ. ನನಗ ಬರಿಯಾಕ ಬರಾಂಗಿಲ್ಲ."

ಹೆಂಗಸರ ಕೈಗಳು ಕಾಳಿನ ಮೇಲೆ ನಿಂತವು. ಕಬನೂರಿನವಳು ಒಂದು ಮಣೆಯಷ್ಟು ಮುಂದೆ ಸರಿದಳು.

"ಸಹಿ ಮಾಡ್ತೇನಿ, ಅಂಕಿ ಬರೀತೇನಿ. ಅದಕ್ಕಿಂತ ಹೆಚ್ಚ ಬರಾಂಗಿಲ್ರಿ. ಇಷ್ಟ ದಿವಸ ಮಂದಿ ನಾ ಬರದೆ ಅಂದ್ರು, ನಾ ಹೌದಂದೆ. ಛಲೋ ಅನಸ್ತಿತ್ತು. ಬರಿಯಾವ್ರು ಇದರಾಗ ಅದಾರ." ಫೋನನ್ನು ಮೊರದ ಪಕ್ಕ ಇಟ್ಟಳು. "ಇವರು ಮಾಸ್ತರ. ನಾ ಹೇಳಿದ್ದಕ್ಕ ಹೂ ಮುಡಸ್ತಾರ. ಇವರಿಗೆ ಕಣ್ಣಿಲ್ಲ, ನಾ ಹೇಳಿದ್ದಷ್ಟ ಗೊತ್ತು. ನೀವು ಜೈನರು, ಹಗಲಿ ಉಣ್ಣಾವ್ರು ಅಂತ ನಾ ಇವರಿಗೆ ಹೇಳಲಿಲ್ಲ. ಗೊತ್ತಿರ್ತೈತಿ ಅನಕೊಂಡೆ."

"ಫೋನ ಬರೀತೈತಿ ಅಂದ್ರ ನಂಬಬೇಕೇನ ನಾ?"

"ನಂಬಬ್ಯಾಡ್ರಿ, ನೋಡ್ರಿ." ಮಂಗಲಬಾಯಿ ಗುಂಡಿ ಒತ್ತಿದಳು. "ಮಾಸ್ತರ್ರ, ಒಂದ ಫೋಟೋಕ್ಕ ಬರೀರಿ. ಆತ್ಯಾರು ಪಡಸಾಲ್ಯಾಗ ಕುಂತ ಕಾಳ ಹಸನ ಮಾಡಾಕತ್ತಾರ. ಮ್ಯಾಲ ಸಣ್ಣ ಸಣ್ಣ ದೀಪಾ, ಮಿಣಿಮಿಣಿ ಅಂತಾವು. ಭಾಳ ಚಂದ ಬರೀರಿ."

ಮಾಸ್ತರರು ತಡ ಮಾಡಲಿಲ್ಲ. ತಾರೆಗಳು ಮನೆಗಿಳಿದ ಆ ಪ್ರಶಾಂತ ಇರುಳಿನಲ್ಲಿ ಆತ್ಯಾರ ಮಮತೆಯ ಕೈಗಳು ಕಾಳುಗಳನ್ನಲ್ಲ, ನೆನಪುಗಳನ್ನೇ ಆರಿಸುತ್ತಿದ್ದವು ಎಂದು ಮರಾಠಿಯಲ್ಲಿ ಗಟ್ಟಿಯಾಗಿ ಓದಿದರು.

ಹೊಸ್ತಿಲ ಮೇಲೆ ಬಿಸಿಲು ಬೆಳ್ಳಗೆ ಬಿದ್ದಿತ್ತು. ಕಾಂಚನಬಾಯಿ ಬಿಸಿಲು ನೋಡಿದರು, ಮೊರ ನೋಡಿದರು.

"ಕಲ್ಲ ಹಳ್ಳ ಆರಸಾಕತ್ತಿದ್ದೆ ನಾ" ಅಂದರು. "ನೆನಪ ಎಲ್ಲಿಂದ ಬಂದ್ವು?"

ನೆರೆಯವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಕಾಂಚನಬಾಯಿ ನಗಲಿಲ್ಲ. ವ್ರತದ ಮಾತು ಇನ್ನೂ ಉಳಿದಿತ್ತು.

"ಇವಂಗ ಕಣ್ಣಿಲ್ಲ, ಒಪ್ಪಿದೆ. ನಿನಗಂತೂ ಅದಾವಲ್ಲ. ಪಂಗತಿ ಕುಂತಾಗ ಹೊತ್ತ ಇತ್ತೋ ಇಲ್ಲೋ? ಕಿಡಕಿಗೆಲ್ಲಾ ಪರದಾ ಎಳದಿದ್ರು. ಮುಚ್ಚಿದ್ದ ಯಾಕ?"

"ಪರದಾ ಎಳಸಿದಾಕಿ ನಾನ್ರಿ."

"ಯಾಕ?"

"ಆ ಹಾಲಿನ ಕಿಡಕಿ ಪಡವಲಕ್ಕ ಅದಾವ್ರಿ, ಹೊತ್ತ ಮುಣಗೂ ಕಡೆ. ಬಿಸಲ ಅಡ್ಡ ಬಂದು ಸೀದಾ ನನ್ನ ಲೆನ್ಸಿನ್ಯಾಗ ಹೊಡ್ಯಾಕತ್ತಿತ್ತು. ನಿಮ್ಮ ಮಾರಿ ಎಲ್ಲಾ ಕರ್ರಗ ಬರ್ತಿದ್ವು. ಅದಕ್ಕ ಇವರಿಗೆ ಎಳೀರಿ ಅಂದೆ. ಹೊತ್ತ ಮುಣಗಿದ್ರ ನಾ ಯಾಕ ಎಳಸ್ತಿದ್ದೆ?"

ಬಾಗಿಲ ಬಳಿ ಬ್ಯಾಗು ಹಿಡಿದು ನಿಂತಿದ್ದ ಅವಧೂತ, "ಎಳದಾಂವ ನಾನು" ಅಂದ. "ಬಿಸಲಿಗೆ ಕಣ್ಣ ಬಿಡಾಕ ಆಗಲಿಲ್ಲ."

ಕಾಂಚನಬಾಯಿ ಮೊರದ ಕಾಳನ್ನು ಒಂದು ಬದಿಗೆ ಸರಿಸಿದರು, ಮತ್ತೆ ಇನ್ನೊಂದು ಬದಿಗೆ ಸರಿಸಿದರು. ಆಮೇಲೆ ಅಡುಗೆಮನೆಯ ಕಡೆ ಕೂಗಿದರು.

"ಮನಾಲಿ, ಒಂದ ತಂಬಗಿ ನೀರ ತಾ."

ಮನಾಲಿ ತಂದಳು. ಆತ್ಯಾ ಆಕೆಯ ಕೈಯಿಂದಲೇ ತೆಗೆದುಕೊಂಡು ಕುಡಿದರು. "ಇವರಿಗೂ ಕೊಡು. ಅಡಗಿಗೆ ಇಡು, ಉಂಡ ಹೋಗ್ತಾರ. ಹಗಲ ಐತಿ" ಅಂದರು. ಕೊನೆಯ ಎರಡು ಶಬ್ದ ಮಂಗಲಬಾಯಿಗೆ ಕುಟುಕಿದ್ದು. ಆಕೆ ಅದನ್ನು ಸಂತೋಷದಿಂದ ನುಂಗಿದಳು.

ಊಟದ ಮೇಲೆ ಪುಟದ ಪ್ರಶ್ನೆ ಬಂತು. ಮಂಗಲಬಾಯಿ ಎಲ್ಲವನ್ನೂ ಸರಿಯಾಗಿ ಹೇಳಿದಾಗ ಮಾಸ್ತರರು ತಪ್ಪಾಯಿತು ಎಂದರು, ಹೊತ್ತಿನ ವಿಷಯ ತಮಗೆ ತಿಳಿಸಿರಲಿಲ್ಲ ಎಂಬುದನ್ನೂ ಮೆಲ್ಲಗೆ ಸೇರಿಸಿದರು. ನಾನು ಕಂಡ ಯಾವ ಮಾಸ್ತರನೂ ಮೊದಲನೆಯದನ್ನು ಅಂದಿಲ್ಲ, ಎರಡನೆಯದನ್ನು ಬಿಟ್ಟಿಲ್ಲ. ಸಂಧ್ಯೆಯ ಬಂಗಾರದ ಕಿರಣಗಳೆಂದು ಹೊಸದಾಗಿ ಏನೋ ಹೆಣೆಯತೊಡಗಿದಾಗ ಕಾಂಚನಬಾಯಿ ತಡೆದರು. "ಬಂಗಾರ ಬ್ಯಾಡ. ಈಕಿ ಈಗ ನನಗ ಹೇಳಿದಳಲ್ಲ, ಅದನ್ನ ಬರೀ ಅನ್ನು. ಒಂದ ಶಬ್ದ ಹೆಚ್ಚಿಲ್ಲ, ಕಡಿಮಿಲ್ಲ."

ಆ ಪುಟ ಕೊಲ್ಹಾಪುರದಲ್ಲಿ ಬೇರೆ ಛಾಪಾಗಿ ಬಂತು, ಮರಾಠಿ ಅಲ್ಲ, ಕನ್ನಡದಲ್ಲಿ: "ಪಡವಲ ಬಿಸಲ ಕ್ಯಾಮೆರಾದಾಗ ಹೊಡ್ಯಾಕತ್ತಿತ್ತು. ಪರದಾ ಎಳಸಿದಾಕಿ ನಾನು, ಫೋಟೋದ ಮಂಗಲ. ಎಲ್ಲಾರೂ ಹೊತ್ತಿದ್ದಾಗ ಉಂಡಾರ." ಇಂಥ ಸಾಲು ಬೇರೆ ಯಾವ ಮದುವೆಯ ಆಲ್ಬಮ್ಮಿನಲ್ಲೂ ಇರಲಾರದು. ಗಡಹಿಂಗ್ಲಜದ ಮನೆಗೆ ಯಾರು ಬಂದರೂ ಕಾಂಚನಬಾಯಿ ಮೊದಲು ಆ ಪುಟ ತೆಗೆದು ತೋರಿಸುತ್ತಾರಂತೆ, ಮದುಮಕ್ಕಳು ಆಮೇಲೆ.

ಕಬನೂರಿಗೆ ಸುದ್ದಿ ಮಂಗಲಬಾಯಿಗಿಂತ ಮೊದಲು ಮುಟ್ಟಿತ್ತು. ಆಕೆ ಬಸ್ಸು ಇಳಿದು ಸೀದಾ ಮಂಡಳದ ಅಧ್ಯಕ್ಷೆಯ ಮನೆಗೆ ಹೋಗಿ, ಶಾಲು ಬೇಡ ಅಂದಳು. ಅಧ್ಯಕ್ಷೆ ಒಂದು ಗಳಿಗೆ ಯೋಚಿಸಿ, "ಶಾಲ ತಂದ ಆಗೇತಿ ಮಂಗಲಕ್ಕಾ, ಅಂಗಡಿಯಾಂವ ತಿರುಗಿ ತಗೊಳ್ಳೂದಿಲ್ಲ" ಅಂದರು. ನನ್ನ ಅಂಗಡಿಯಲ್ಲಿಯೇ ತಂದದ್ದು, ತಿರುಗಿ ತೆಗೆದುಕೊಳ್ಳುವುದಿಲ್ಲ ಎಂಬುದೂ ಖರೆ. ಕಾರ್ಯಕ್ರಮದಲ್ಲಿ ಶಬ್ದವನ್ನು ಬಿಟ್ಟು ಚಿತ್ರಕ್ಕಷ್ಟೇ ಹೊದಿಸಿದರು. ಹಿಂದಿನ ಸಾಲಿನಲ್ಲಿ ಯಾರೋ "ಚಷ್ಮಾ ತಂದಿಯೇನ ಮಂಗಲಾ?" ಎಂದು ಕೂಗಿದರು. ಎಲ್ಲರೂ ನಕ್ಕರು. ಆಕೆಯೂ ನಕ್ಕಳು, ಆದರೆ ತಡವಾಗಿ. ಆ ದಿನಗಳಲ್ಲಿ ಆಕೆ ಸ್ಟುಡಿಯೋದ ಮುಂದಿನ ಕುರ್ಚಿ ಬಿಟ್ಟು ಒಳಗೇ ಕೂರುತ್ತಿದ್ದಳು ಎಂದು ಸಾರಿಕಾ ಹೇಳಿದಳು.

ಈಗ ಮತ್ತೆ ಹೊರಗೆ ಕೂರುತ್ತಾಳೆ. ಮಾಸ್ತರರೂ ಇದ್ದಾರೆ. ಆದರೆ ಕೆಲಸ ಹೇಳುವ ಮೊದಲು ಮಂಗಲಬಾಯಿ ಮನೆತನದ ಪೂರ್ತಿ ಹಕೀಕತ್ತು ಹೇಳುತ್ತಾಳೆ: ಯಾವ ಜಾತಿ, ಯಾವ ಊರು, ಏನು ಉಣ್ಣುತ್ತಾರೆ, ಯಾವಾಗ ಉಣ್ಣುತ್ತಾರೆ, ಯಾರಿಗೆ ಯಾರ ಜೊತೆ ಮಾತಿಲ್ಲ. ಬರೆದದ್ದನ್ನು ಓದಿಸಿ ಕೇಳುವಾಗ ಒಲೆ ಆರಿಸುತ್ತಾಳೆ. ನಕ್ಷತ್ರ ಬಂದರೆ, "ಮಾಸ್ತರ್ರ, ಕೆಳಗ ಇಳೀರಿ" ಅನ್ನುತ್ತಾಳೆ. ನಕ್ಷತ್ರ ಬೇಕಾದವರು ಸ್ವಪ್ನಿಲನ ಕಡೆ ಹೋದರು, ಅಂಥವರು ಕಡಿಮೆ ಏನಿಲ್ಲ. ಯಾರು ಬರೆದದ್ದು ಎಂದು ಯಾರಾದರೂ ಕೇಳಿದರೆ, "ಹೇಳಿದಾಕಿ ನಾನು, ಬರದಾವ್ರು ಮಾಸ್ತರ್ರು" ಎಂದು ಫೋನು ತೋರಿಸುತ್ತಾಳೆ.

ಮೊನ್ನೆ ಗಡಹಿಂಗ್ಲಜಕ್ಕೆ ಹೋಗಿದ್ದೆ. ಸಂಜೆ ಕಾಂಚನಬಾಯಿ ಒಳಗಿನಿಂದ, "ಮನಾಲಿ, ಹೊತ್ತ ಐತೇನು?" ಎಂದು ಕೇಳಿದರು. ಮನಾಲಿ "ಐತ್ರಿ ಆತ್ಯಾ" ಅಂದಳು. ಅವರು ಎದ್ದು ನೋಡಲಿಲ್ಲ, ಕೈ ತೊಳೆದು ಊಟಕ್ಕೆ ಕೂತರು. ನನ್ನ ಮಗಳ ಮಾತು ಆ ಮನೆಯಲ್ಲಿ ನಡೆಯುತ್ತದೆ. ಅದಕ್ಕಾಗಿ ನಾನು ಮಂಗಲಬಾಯಿಯ ಋಣದಲ್ಲಿದ್ದೇನೆ.